ಬನ್ನಿ ಎಂಬ ಮಾತು

ಉರ್ದುವಿನಲ್ಲಿ 'ಆಯಿಯೇ' ಎನ್ನುವುದನ್ನೇ ಕನ್ನಡದಲ್ಲಿ 'ಬನ್ನಿ' ಎನ್ನುತ್ತೇವೆ. ಆದರೆ ಕನ್ನಡದಲ್ಲಿ ಬನ್ನಿ ಒಂದು ಮರವೂ ಹೌದು. ಸಂಸ್ಕೃತದ ಶಮಿ ಇದೇ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಇದರ ಮೇಲೆ ಬಚ್ಚಿಟ್ಟರೆಂಬುದು ಮಹಾಭಾರತದ ಕಥೆ.

ಶಿರಹಟ್ಟಿ ತಾಲ್ಲೂಕಿನಲ್ಲಿ ಬನ್ನಿಕೊಪ್ಪವೆಂಬ ಊರಿದೆ. ನಮ್ಮ ಕಡೆ ಊರೇ ಅಡ್ಡಹೆಸರು. ಬನ್ನಿಕೊಪ್ಪ, ಅಸುಂಡಿ ಎಂದಷ್ಟೇ ಕೇಳಿದರೆ ಆತ ಹಿಂದುವೋ ಮುಸ್ಲಿಮನೋ ಹೇಳಲಾಗದು.

ರಾಜಸ್ಥಾನದಲ್ಲಿ ಈ ಮರ ಖೇಜಡಿ. 1730ರಲ್ಲಿ ಜೋಧಪುರದ ಬಳಿ ಇದನ್ನು ಉಳಿಸಲು 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಅರಬರಿಗೆ ಇದು 'ಗಾಫ್'. ಯುಎಇ 2019ನ್ನು ಸಹಿಷ್ಣುತೆಯ ವರ್ಷವೆಂದು ಆಚರಿಸಿದಾಗ ಇದೇ ಮರವನ್ನು ಲಾಂಛನ ಮಾಡಿಕೊಂಡಿತು.

ದಸರೆಯಲ್ಲಿ ಗದಗ ಸೀಮೆಯವರಿಗೆ ಬನ್ನಿಯ ಎಲೆಯೇ ಬಂಗಾರ. ನಾನು ಹುಡುಗನಾಗಿದ್ದಾಗ ನೆರೆಮನೆಯ ಕಾಕಾ ಅದನ್ನು ಅಬ್ಬಾರ ಕೈಗಿಟ್ಟು ಅಪ್ಪಿಕೊಳ್ಳುತ್ತಿದ್ದರು. ಈದಿಗೆ ನಮ್ಮ ಮನೆಯ ಸುರಕುಂಬಾ ಅವರಿಗೆ ತಪ್ಪುತ್ತಿರಲಿಲ್ಲ. ಈಗ ನಮ್ಮ ಓಣಿಯಲ್ಲಿ ಆ ಓಡಾಟ ಕಡಿಮೆಯಾಗಿದೆ. ಮರ ಹೊಲದ ಬದುವಿನಲ್ಲಿ ಇನ್ನೂ ಇದೆ. ಯಾರಾದರೊಬ್ಬರು ಮೊದಲು ಬಾಗಿಲು ತೆರೆದು 'ಬನ್ನಿ' ಅನ್ನಬೇಕಷ್ಟೆ.