ಜೀವವೋ ಜಡವೋ: ರೇಷ್ಮೆಹುಳುವಿನ ರೋಗವೊಂದರ ಚರಿತ್ರೆ

ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಸಾತನೂರು ದೊರೆಯುವುದು. ಟಿಪ್ಪೂ ಸುಲ್ತಾನನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೈಸೂರು ದೇಶಕ್ಕೆ ತಂದ ರೇಷ್ಮೆಯ ಕಸಬು ಆಳವಾಗಿ ಬೇರೂರಿದ ಸೀಮೆಯಿದು. ಹಾಲುತೊಂಡೆ ರೋಗವೆಂದರೆ ಇಲ್ಲಿಯ ಸಾಕಣೆಗಾರನ ಎದೆ ನಡುಗುವುದು. ನಾಲ್ಕನೆಯ ಜ್ವರವೆದ್ದು, ಇನ್ನೇನು ಹಣ್ಣಾಗಿ ಚಂದ್ರಿಕೆಗೇರಬೇಕಾದ ಹುಳು ಉಬ್ಬಿಕೊಂಡು ತಟ್ಟೆಯ ಅಂಚಿನಲ್ಲಿ ಅಲೆಯತೊಡಗುವುದು. ಮುಟ್ಟಿದರೆ ತೊಗಲು ಹರಿದು ಹಾಲಿನಂಥ ರಸ ಸೋರುವುದು. ಗೂಡು ಕೈಗೆ ಬಾರದು. ಸೊಪ್ಪಿಗೂ ಕೂಲಿಗೂ ಮಾಡಿದ ಸಾಲ ಉಳಿಯುವುದು.

ಆ ಹಾಲಿನಲ್ಲಿರುವುದೇನು? 1850ರ ದಶಕದಲ್ಲಿ ಇಟಲಿಯ ವಿದ್ವಾಂಸರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಕ್ರಿಮಿಯಲ್ಲ, ಬೂಷ್ಟಲ್ಲ. ಕಲ್ಲುಸಕ್ಕರೆಯಂತೆ ಮುಖಗಳುಳ್ಳ ಹರಳುಗಳು. 1865ರಲ್ಲಿ ಲೂಯಿ ಪಾಶ್ಚರನು ಫ್ರಾನ್ಸಿನಲ್ಲಿ ಶೋಧನೆಗೆ ತೊಡಗಿದ ಗಂಟುರೋಗದ ಮಾತೇ ಬೇರೆ. ಅದಕ್ಕೆ ಕಾರಣವಾದುದು ನಿಸ್ಸಂದೇಹವಾಗಿ ಸಜೀವವಾದ ಅಣುಜೀವಿ. ತಾಯಿಚಿಟ್ಟೆಯನ್ನು ಪರೀಕ್ಷಿಸಿ ಶುದ್ಧವಾದ ಮೊಟ್ಟೆಯನ್ನಾರಿಸುವ ಆತನ ಕ್ರಮ ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆದಿದೆ. ಹರಳಿನ ಒಗಟು ಮಾತ್ರ ಹಾಗೆಯೇ ಉಳಿಯಿತು. ಉಣ್ಣದ, ಉಸಿರಾಡದ ವಸ್ತುವನ್ನು ಜೀವವೆನ್ನುವುದೆಂತು? ಜಡವಾದರೆ ಅದು ಹುಳುವಿನಿಂದ ಹುಳುವಿಗೆ ಹಬ್ಬುವುದೆಂತು? ಬೆಳೆಯುವುದೇ ಜೀವಲಕ್ಷಣವೆಂದರೆ ಉಪ್ಪಿನ ಹರಳೂ ಬೆಳೆಯುವುದು. ಸಂತಾನವೇ ಲಕ್ಷಣವೆಂದರೆ ಹೇಸರಗತ್ತೆಯನ್ನು ನಿರ್ಜೀವಿಯೆನ್ನಬೇಕಾದೀತು. ಅದರ ಒದೆ ತಿಂದವರು ಇದನ್ನೊಪ್ಪಲಾರರು!

1935ರಲ್ಲಿ ಅಮೆರಿಕದ ಸ್ಟ್ಯಾನ್ಲಿಯು ಹೊಗೆಸೊಪ್ಪಿನ ರೋಗದ ವೈರಸ್ಸನ್ನು ಸೀಸೆಯಲ್ಲಿಡಬಹುದಾದ ಹರಳಾಗಿ ಬೇರ್ಪಡಿಸಿದನು. ಆ ಹರಳನ್ನು ನೀರಿನಲ್ಲಿ ಕದಡಿ ಎಲೆಗೆ ಸವರಿದರೆ ಮತ್ತೆ ರೋಗ! 1947ರಲ್ಲಿ ಬೆರ್ಗೋಲ್ಡ್ ಎಂಬ ವಿಜ್ಞಾನಿ ರೇಷ್ಮೆಹುಳುವಿನ ಹರಳುಗಳನ್ನು ತೆಳುವಾದ ಕ್ಷಾರದಲ್ಲಿ ಕರಗಿಸಿ, ಒಳಗೆ ಕಡ್ಡಿಯಾಕಾರದ ವೈರಸ್ಸುಗಳು ಅಡಗಿರುವುದನ್ನು ತೋರಿಸಿದನು. ಹರಳು ಬರಿಯ ಪ್ರೋಟೀನಿನ ಕವಚ. ನೀರಿಗೆ ಅದು ಕರಗದು. ಹುಳುವಿನ ಕರುಳಿನ ಕ್ಷಾರರಸ ತಗಲಿದೊಡನೆ ಕರಗುವುದು. ಹೊರಬಿದ್ದ ವೈರಸ್ಸು ಜೀವಕೋಶವನ್ನು ಹೊಕ್ಕು, ಅಲ್ಲಿಯ ಸಾಮಗ್ರಿಯಿಂದಲೇ ತನ್ನಂಥವನ್ನು ಅಸಂಖ್ಯವಾಗಿ ಮಾಡಿಸಿಕೊಳ್ಳುವುದು.

ಧೂಳಿನಲ್ಲಿ ಜಡ, ಹುಳುವಿನಲ್ಲಿ ಜೀವ. ಪಂಡಿತರಲ್ಲಿ ಈ ವಿವಾದ ಇನ್ನೂ ಮುಗಿದಿಲ್ಲ. ನನಗೆ ತೋರುವ ಮಟ್ಟಿಗೆ, ಹರಳೊಂದನ್ನೇ ಹಿಡಿದು ಪ್ರಶ್ನೆ ಕೇಳಿದ್ದೇ ತೊಡಕಿಗೆ ಮೂಲ. ಹುಳುವನ್ನು ಬಿಟ್ಟು ಅದಕ್ಕೆ ಉತ್ತರವಿಲ್ಲ. ಸಾಕಣೆಗಾರನಾದರೋ ತೀರ್ಪಿಗಾಗಿ ಕಾಯುವಂತಿಲ್ಲ. ಬಿದಿರು ತಟ್ಟೆಯ ಸಂದಿಯಲ್ಲಿ ಉಳಿದ ಧೂಳು ಮುಂದಿನ ಬೆಳೆಯನ್ನು ಕೆಡಿಸಬಲ್ಲುದಾದುದರಿಂದ, ಬೆಳೆ ಮುಗಿದೊಡನೆ ಅವನು ಮನೆಯನ್ನೂ ತಟ್ಟೆ ಚಂದ್ರಿಕೆಗಳನ್ನೂ ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯುತ್ತಾನೆ.