ಮಳೆಗಾಲದಲ್ಲಿ ಮನೆಯೊಳಗೆ ಮರಿ ಹಾವು: ಹರಿದಾಡುವ ಸಂದೇಶಗಳಲ್ಲಿ ಎಷ್ಟು ನಿಜ?

ಜೂನ್ ಬಂದರೆ ಸಾಕು, ವಾಟ್ಸಾಪ್ ಗುಂಪುಗಳಲ್ಲಿ ಹಾವಿನ ಸಂದೇಶಗಳು ಶುರುವಾಗುತ್ತವೆ. ಶೂ ಒಳಗೆ ಮರಿ ನಾಗರದ ಫೋಟೋ, ಜೊತೆಗೆ ಒಂದು ಎಚ್ಚರಿಕೆ: ‘ಮರಿ ಹಾವಿನ ವಿಷ ದೊಡ್ಡ ಹಾವಿಗಿಂತ ಅಪಾಯಕಾರಿ. ಕೊಂದರೆ ತಾಯಿ ಹಾವು ಸೇಡು ತೀರಿಸಿಕೊಳ್ಳುತ್ತದೆ. ತಪ್ಪದೇ ಎಲ್ಲರಿಗೂ ಕಳುಹಿಸಿ.’ ಶೂ ಒದರಿ ಹಾಕಿಕೊಳ್ಳಿ ಎಂಬ ಮಾತು ಒಳ್ಳೆಯದೇ. ಉಳಿದದ್ದನ್ನು ಒಂದೊಂದಾಗಿ ನೋಡೋಣ.

ಈಗಲೇ ಯಾಕೆ ಇಷ್ಟು ಮರಿಗಳು?

ನಮ್ಮಲ್ಲಿ ನಾಗರಹಾವು ಬೇಸಿಗೆಯಲ್ಲಿ ಮೊಟ್ಟೆ ಇಡುತ್ತದೆ. ಸುಮಾರು ಎರಡು ತಿಂಗಳಲ್ಲಿ, ಅಂದರೆ ಮಳೆ ಹಿಡಿಯುವ ಹೊತ್ತಿಗೆ, ಮರಿಗಳು ಹೊರಬರುತ್ತವೆ. ಕೊಳಕುಮಂಡಲ ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ. ಅದರ ಮರಿಗಳೂ ಹೆಚ್ಚಾಗಿ ಮುಂಗಾರಿನ ಆಸುಪಾಸಿನಲ್ಲೇ ಕಾಣಿಸುತ್ತವೆ. ಮಳೆ ಬಂದರೆ ಕಪ್ಪೆ ಹೆಚ್ಚು, ಹಾವಿಗೆ ಊಟ ಸುಲಭ. ಬಿಲಕ್ಕೆ ನೀರು ನುಗ್ಗಿದಾಗ ಒಣ ಜಾಗ ಹುಡುಕಿ ಅವು ಮನೆಯತ್ತ ಬರುತ್ತವೆ.

ತಾಯಿ ಹಾವು ಸೇಡು ತೀರಿಸಿಕೊಳ್ಳುತ್ತದೆಯೇ?

ಇಲ್ಲ. ಮೊಟ್ಟೆಯೊಡೆದು ಬಂದ ಮರಿಗಳಿಗೆ ತಾಯಿಯ ಆರೈಕೆಯೇ ಇರುವುದಿಲ್ಲ. ಅವು ಮೊದಲ ದಿನದಿಂದಲೇ ಒಂಟಿ. ಮನುಷ್ಯರ ಮುಖ ನೆನಪಿಟ್ಟುಕೊಂಡು ಹುಡುಕಿ ಬರುವ ಶಕ್ತಿ ಹಾವಿಗಿಲ್ಲ. ಒಂದು ಮರಿ ಕಂಡ ಮೇಲೆ ಇನ್ನೊಂದು ಕಾಣುವುದಕ್ಕೆ ಕಾರಣ ಸರಳ: ಒಂದೇ ಕಡೆ ಹತ್ತಾರು ಮೊಟ್ಟೆಗಳಿದ್ದವು.

ಮರಿ ಹಾವಿನ ವಿಷ ಹೆಚ್ಚು ಅಪಾಯವೇ?

ಮರಿಯಲ್ಲಿರುವ ವಿಷದ ಪ್ರಮಾಣ ದೊಡ್ಡ ಹಾವಿಗಿಂತ ತುಂಬಾ ಕಡಿಮೆ. ಹಾಗೆಂದು ಮುಟ್ಟಬಹುದು ಎಂದಲ್ಲ. ನಾಗರ, ಕೊಳಕುಮಂಡಲ, ಕಟ್ಟುಹಾವುಗಳ ಮರಿಗೆ ಹುಟ್ಟಿನಿಂದಲೇ ವಿಷವಿದೆ. ಯಾವುದೇ ಕಡಿತಕ್ಕೂ ಆಸ್ಪತ್ರೆಗೆ ಹೋಗಲೇಬೇಕು.

ಕೊಂದರೆ ಸಮಸ್ಯೆ ಮುಗಿಯಿತೇ?

ಹೊಡೆಯಲು ಹತ್ತಿರ ಹೋದವರಿಗೇ ಹಾವು ಕಡಿಯುವ ಸಾಧ್ಯತೆ ಹೆಚ್ಚು. ಕೊಲ್ಲುವ ಹಾವುಗಳಲ್ಲಿ ವಿಷವಿಲ್ಲದ ಕೇರೆ, ತೋಳಹಾವುಗಳೂ ಸೇರಿರುತ್ತವೆ. ಹೊಲದಲ್ಲಿ, ಹಿತ್ತಲಲ್ಲಿ ಇಲಿ ಹಿಡಿಯುವುದು ಇದೇ ಕೇರೆ. ಇಲಿ ಹೆಚ್ಚಿದರೆ ಬೆಳೆಯೂ ಹಾಳು, ಮಳೆಗಾಲದ ಇಲಿಜ್ವರದ ಭಯವೂ ಹೆಚ್ಚು. ಜೊತೆಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವುಗಳನ್ನು ಕೊಲ್ಲುವುದು ಅಪರಾಧ.

ಹಾಗಂತ ಭಯವೇ ಸುಳ್ಳೇ?

ಅಲ್ಲ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂದು ಅಧ್ಯಯನವೊಂದು ಅಂದಾಜಿಸಿದೆ. ಸುಮಾರು ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್ ನಡುವಿನವು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದರೆ ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು.

ಏನು ಮಾಡಬೇಕು?

• ಕತ್ತಲಲ್ಲಿ ಹೊರಗೆ ಹೋಗುವಾಗ ಟಾರ್ಚ್, ಗದ್ದೆ-ತೋಟದಲ್ಲಿ ಗಮ್‌ಬೂಟ್ ಇರಲಿ.
• ಸೌದೆ, ಇಟ್ಟಿಗೆ ರಾಶಿ ಗೋಡೆಗೆ ತಾಗಿ ಬೇಡ. ಬಾಗಿಲ ಸಂದು ಮುಚ್ಚಿ. ಫಿನಾಯಿಲ್, ಬೆಳ್ಳುಳ್ಳಿ ನಂಬಿ ಕೂರಬೇಡಿ.
• ನೆಲದ ಮೇಲೆ ಮಲಗುವವರು ಸೊಳ್ಳೆ ಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿಕೊಳ್ಳಿ. ಕಟ್ಟುಹಾವು ಕಡಿಯುವುದು ಹೆಚ್ಚಾಗಿ ರಾತ್ರಿ. ನೋವು, ಗುರುತು ಇಲ್ಲದೆಯೂ ಇರಬಹುದು. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಜೋತುಬಿದ್ದರೆ ತಡಮಾಡಬೇಡಿ.
• ಹಾವು ಕಂಡರೆ ದೂರ ನಿಂತು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.
• ಕಡಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ವಿಷ ಹೀರುವುದು, ನಾಟಿ ಮದ್ದು ಯಾವುದೂ ಬೇಡ. ಉಂಗುರ, ಬಳೆ ತೆಗೆಯಿರಿ. ಕೈಕಾಲು ಅಲುಗಾಡಿಸದೆ 108 ಕರೆದು ಆಸ್ಪತ್ರೆ ಸೇರಿ. ವಿಷಕ್ಕೆ ಇರುವ ಮದ್ದು ಪ್ರತಿವಿಷ ಮಾತ್ರ.

ಹಾವಿನ ಪಂಚಾಂಗ

ಚಳಿಗಾಲದಲ್ಲಿ ಹಾವು ಬಿಸಿಲು ಕಾಯುತ್ತದೆ. ಸುಗ್ಗಿಯಲ್ಲಿ ಇಲಿಯ ಹಿಂದೆ ಕಣದ ಮೆದೆಗೆ ಬರುತ್ತದೆ. ಬೇಸಿಗೆಯಲ್ಲಿ ಎರಡು ಕೇರೆಗಳು ಹೆಣೆದುಕೊಂಡು ಎದ್ದು ನಿಂತರೆ, ‘ಮಿಲನ’ ಎಂದು ವಿಡಿಯೊ ಹಂಚುತ್ತೇವೆ. ಹೆಚ್ಚಿನ ಸಲ ಅದು ಎರಡು ಗಂಡುಗಳ ಕಾದಾಟ. ಮಳೆಗಾಲ ಮರಿಗಳ ಕಾಲ. ಯಾವ ಕಾಲದಲ್ಲಿ ಹಾವು ಎಲ್ಲಿರುತ್ತದೆ ಎಂದು ಗೊತ್ತಿದ್ದರೆ ಕೈ ಎಲ್ಲಿ ಇಡಬಾರದು ಎಂಬುದೂ ಗೊತ್ತಾಗುತ್ತದೆ.

ನಮ್ಮ ತೀರ್ಮಾನ: ಸೇಡಿನ ಕಥೆ ಸುಳ್ಳು, ಮರಿಯ ವಿಷದ ಮಾತು ಉತ್ಪ್ರೇಕ್ಷೆ. ಮುಂದಿನ ಸಲ ಆ ಸಂದೇಶ ಬಂದರೆ 1926 ಮತ್ತು 108 ಎಂಬ ಎರಡು ಸಂಖ್ಯೆಗಳನ್ನು ಉತ್ತರವಾಗಿ ಕಳುಹಿಸಿ.