ಕಂಪ್ಯೂಟರ್ ಬಳಕೆದಾರರ ಸಂಘಗಳು: ಚರಿತ್ರೆ

ಕಂಪ್ಯೂಟರ್ ಬಳಕೆದಾರರ ಸಂಘ ಎಂದರೆ ಒಂದೇ ಯಂತ್ರವನ್ನೋ ಪ್ರೋಗ್ರಾಮಿಂಗ್ ಭಾಷೆಯನ್ನೋ ಬಳಸುವವರು ಆಗಾಗ ಕಲೆತು, ಪ್ರೋಗ್ರಾಮು ಮತ್ತು ಅನುಭವಗಳನ್ನು ಹಂಚಿಕೊಳ್ಳಲು ಕಟ್ಟಿಕೊಂಡ ಕೂಟ. ಇದರ ಚರಿತ್ರೆಯನ್ನು 1975ರ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನಿಂದ ಆರಂಭಿಸುವ ರೂಢಿಯಿದ್ದರೂ ಸಂಘಟಿತ ಕೂಟಗಳು ಅದಕ್ಕಿಂತ 20 ವರ್ಷ ಹಳೆಯವು.

ಮೂಲ

ಐಬಿಎಂ 701 ಯಂತ್ರದ ಜೊತೆ ಬರುತ್ತಿದ್ದ ತಂತ್ರಾಂಶ ಅತ್ಯಲ್ಪ. ಅದನ್ನು ಬಾಡಿಗೆಗೆ ಪಡೆದ ಅಮೆರಿಕದ ವಿಮಾನ ಕಂಪನಿಗಳು ಅಸೆಂಬ್ಲರ್ ಮುಂತಾದವನ್ನು ತಂತಮ್ಮಲ್ಲೇ ಬರೆದುಕೊಂಡವು. ಹೀಗೆ ಒಂದೇ ಕೆಲಸ ಹಲವು ಕಡೆ ನಡೆಯಿತು. ಮುಂದಿನ ಮಾದರಿಯಾದ 704ರಲ್ಲಿ ಈ ಪ್ರೋಗ್ರಾಮುಗಳು ನಡೆಯುವಂತಿರಲಿಲ್ಲ. ಎಲ್ಲವನ್ನೂ ಹೊಸದಾಗಿ ಬರೆಯಬೇಕಿತ್ತು. 1955ರ ಆಗಸ್ಟ್‌ನಲ್ಲಿ ಸಾಂಟಾ ಮೋನಿಕಾದ ರ‍್ಯಾಂಡ್ ಸಂಸ್ಥೆಯಲ್ಲಿ 704 ಬಳಸಲಿದ್ದ ಸಂಸ್ಥೆಗಳ ಪ್ರತಿನಿಧಿಗಳು ಸೇರಿ ‘ಶೇರ್’ ಸಂಘವನ್ನು ಕಟ್ಟಿದರು. ಮಾರುಕಟ್ಟೆಯಲ್ಲಿ ಪೈಪೋಟಿಗೆ ನಿಂತಿದ್ದ ಲಾಕ್‌ಹೀಡ್, ನಾರ್ತ್ ಅಮೆರಿಕನ್ ಏವಿಯೇಷನ್‌ನಂಥ ಕಂಪನಿಗಳ ಪ್ರೋಗ್ರಾಮರ್‌ಗಳು ಇಲ್ಲಿ ಕೆಲಸ ಹಂಚಿಕೊಂಡರು. ಯುನೈಟೆಡ್ ಏರ್‌ಕ್ರಾಫ್ಟ್‌ನ ರಾಯ್ ನಟ್ ಬರೆದ ಅಸೆಂಬ್ಲರನ್ನು ಎಲ್ಲರಿಗೂ ಸಮಾನವಾದುದೆಂದು ಒಪ್ಪಿಕೊಂಡರು. ಸದಸ್ಯತ್ವ ಸಂಸ್ಥೆಗಳಿಗಿತ್ತು, ವ್ಯಕ್ತಿಗಳಿಗಲ್ಲ. 1961ರಲ್ಲಿ ಡಿಇಸಿ ಕಂಪನಿಯ ಯಂತ್ರಗಳ ಬಳಕೆದಾರರು ‘ಡೆಕಸ್’ ಸ್ಥಾಪಿಸಿದರು.

ಹವ್ಯಾಸಿಗಳ ಕಾಲ

1975ರ ಜನವರಿ ಸಂಚಿಕೆಯಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆ ಆಲ್ಟೇರ್ 8800 ಕಿಟ್ಟನ್ನು ಪರಿಚಯಿಸಿದ ಮೇಲೆ ಕಂಪ್ಯೂಟರ್ ವ್ಯಕ್ತಿಗಳ ಕೈಗೆಟುಕಿತು. ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ ಗಾರ್ಡನ್ ಫ್ರೆಂಚ್ ಅವರ ಗ್ಯಾರೇಜಿನಲ್ಲಿ ಸುಮಾರು 30 ಮಂದಿ ಸೇರಿದರು; ಇದೇ ಹೋಂಬ್ರೂ ಕ್ಲಬ್ಬಿನ ಮೊದಲ ಸಭೆ. ಕರೆಯೋಲೆ ಹಂಚಿದವರು ಫ್ರೆಡ್ ಮೂರ್. ಸಂಖ್ಯೆ ಬೆಳೆದು ಸಭೆಗಳು ಸ್ಟ್ಯಾನ್‌ಫರ್ಡ್‌ನ ವೇಗವರ್ಧಕ ಕೇಂದ್ರದ ಸಭಾಂಗಣಕ್ಕೆ ಬಂದಾಗ ಲೀ ಫೆಲ್ಸನ್‌ಸ್ಟೈನ್ ಅವನ್ನು ಎರಡು ಭಾಗವಾಗಿ ನಡೆಸಿದರು. ಮೊದಲು ಒಬ್ಬೊಬ್ಬರೂ ಎದ್ದು ತಮ್ಮಲ್ಲಿ ಏನಿದೆ, ತಮಗೇನು ಬೇಕು ಎಂದು ಹೇಳಬೇಕು; ನಂತರ ಬೇಕಾದವರು ಬೇಕಾದವರನ್ನು ಹುಡುಕಿಕೊಂಡು ಹೋಗಿ ಮಾತಾಡಬಹುದು. ಸ್ಟೀವ್ ವೋಜ್ನಿಯಾಕ್ ತಮ್ಮ ಆಪಲ್-1ರ ವಿನ್ಯಾಸವನ್ನು ಇಲ್ಲಿಯೇ ಹಂಚಿದರು.

ಟೇಪಿನ ವಿವಾದ

ಆಲ್ಟೇರ್‌ಗೆ ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ತಯಾರಿಸಿದ ಬೇಸಿಕ್ ಭಾಷೆಯ ತಂತ್ರಾಂಶ 1975ರ ಜೂನ್‌ನಲ್ಲಿ ಪಾಲೊ ಆಲ್ಟೊದ ಪ್ರದರ್ಶನವೊಂದಕ್ಕೆ ಕಾಗದದ ಟೇಪಿನಲ್ಲಿ ಬಂದಿತ್ತು. ಅಲ್ಲಿಂದ ಒಂದು ಟೇಪು ಕಾಣೆಯಾಯಿತು. ಎತ್ತಿಕೊಂಡವರು ಯಾರೆಂಬುದು ಇತ್ಯರ್ಥವಾಗಿಲ್ಲ. ಅದನ್ನು ನಕಲು ಮಾಡಿದವರು ಡ್ಯಾನ್ ಸೋಕೊಲ್. ಪ್ರತಿ ಒಯ್ದವರು ಮುಂದಿನ ಸಭೆಗೆ ಇನ್ನಷ್ಟು ಪ್ರತಿ ತರಬೇಕೆಂಬ ಪರಿಪಾಠ ಕ್ಲಬ್ಬಿನಲ್ಲಿ ಬೆಳೆಯಿತು. 1976ರ ಫೆಬ್ರವರಿ 3ರ ಬಹಿರಂಗ ಪತ್ರದಲ್ಲಿ ಗೇಟ್ಸ್ ಇದನ್ನು ಕಳ್ಳತನವೆಂದರು. ಆಲ್ಟೇರ್ ಮಾಲೀಕರಲ್ಲಿ ಬೇಸಿಕ್ ಕೊಂಡವರು ಶೇ. 10ಕ್ಕೂ ಕಡಿಮೆ ಎಂದು ದೂರಿದರು. ಈ ಘಟನೆಯನ್ನು ಕಳ್ಳತನ ಮತ್ತು ಹಂಚಿಕೆಗಳ ಜಗಳವಾಗಿ ಮಾತ್ರ ಹೇಳುವಾಗ ಬೆಲೆಯ ಸಂಗತಿ ಮರೆಯಾಗುತ್ತದೆ: ಆಲ್ಟೇರ್ ತಯಾರಕರ ಮೆಮೊರಿ ಬೋರ್ಡಿನ ಜೊತೆ ಕೊಂಡರೆ ಬೇಸಿಕ್ ಅಗ್ಗ, ಬಿಡಿಯಾಗಿ ಕೊಂಡರೆ ಹಲವು ಪಟ್ಟು ದುಬಾರಿ. ಆ ಬೋರ್ಡುಗಳೋ ಪದೇ ಪದೇ ಕೈಕೊಡುತ್ತಿದ್ದವು. ಇದೇ ಹೊತ್ತಿಗೆ ಹವ್ಯಾಸಿಗಳು ಮುಕ್ತವಾಗಿ ಹಂಚಬಹುದಾದ ‘ಟೈನಿ ಬೇಸಿಕ್’ ಆವೃತ್ತಿಗಳನ್ನು ಬರೆದರು. ಹೋಂಬ್ರೂ ಸಭೆಗಳು 1986ರವರೆಗೆ ನಡೆದವು. 1977ರಲ್ಲಿ ಹುಟ್ಟಿದ ಬಾಸ್ಟನ್ ಕಂಪ್ಯೂಟರ್ ಸೊಸೈಟಿ 1996ರಲ್ಲಿ ಮುಚ್ಚಿತು.

ಭಾರತ ಮತ್ತು ಬೆಂಗಳೂರು

ಭಾರತದಲ್ಲಿಯೂ ಆರಂಭ ಸಂಸ್ಥೆಗಳಿಂದಲೇ ಆಯಿತು. ಬಳಕೆದಾರರ ಕೂಟವೊಂದು 1965ರಲ್ಲಿ ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾ ಆಯಿತು. ಭಾರತದ ಆರಂಭದ ಕಂಪ್ಯೂಟರುಗಳಲ್ಲೊಂದಾದ ‘ಟಿಫ್ರ್ಯಾಕ್’ ಯಂತ್ರ ಕಟ್ಟಿದ ತಂಡದ ಆರ್. ನರಸಿಂಹನ್ ಅದರ ಮೊದಲ ಅಧ್ಯಕ್ಷರು. 1991ರಲ್ಲಿ ಬಂದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಈ ಚಿತ್ರವನ್ನು ಬದಲಿಸಿತು. ಪ್ರೋಗ್ರಾಮಿನ ಮೂಲ ಸಂಕೇತವನ್ನು ಹಂಚಲು ಪರವಾನಗಿಯೇ ಅನುಮತಿ ಕೊಟ್ಟಿದ್ದರಿಂದ ಹಳೆಯ ಟೇಪು ಜಗಳಕ್ಕೆ ಇಲ್ಲಿ ಎಡೆಯಿರಲಿಲ್ಲ. ಸಂಘಗಳ ಕೆಲಸ ಅನುಸ್ಥಾಪನೆಗೆ ನೆರವಾಗುವುದು, ಕಲಿಸುವುದು, ಕೋಡ್ ಕೊಡುಗೆಗೆ ಜನರನ್ನು ಸಿದ್ಧಗೊಳಿಸುವುದು ಎಂದಾಯಿತು. ಬೆಂಗಳೂರಿನ ಲಿನಕ್ಸ್ ಬಳಕೆದಾರರ ವಲಯದಿಂದ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಮೂಡಿತು. ಅತುಲ್ ಚಿಟ್ನಿಸ್ ಅದರ ಪ್ರಮುಖ ರೂವಾರಿ. ಕಂಪನಿಗಳ ಪ್ರಾಯೋಜಕತ್ವವಿದ್ದರೂ ನಡೆಸಿದವರು ಸ್ವಯಂಸೇವಕರು. 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡ ಈ ಸಮ್ಮೇಳನ 2012ರಲ್ಲಿ ಕೊನೆಯ ಬಾರಿ ನಡೆಯಿತು. ಅಷ್ಟರಲ್ಲಿ ಪ್ರತ್ಯೇಕ ಭಾಷೆಗಳ ಕೂಟಗಳು ಬಲಗೊಂಡಿದ್ದವು: ಪೈಥಾನ್ ಭಾಷೆಯ ಸಮ್ಮೇಳನವಾದ ಪೈಕಾನ್ ಭಾರತದಲ್ಲಿ ಮೊದಲ ಬಾರಿ 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು.